ವಸತಿ ಕೇಂದ್ರ ನಡೆಸುವವರೇ ಅಣ್ಣನ ಗಾರ್ಡಿಯನ್ ಆಗ್ತೀನಿ ಅಂತಿದ್ದಾರೆ, ಒಪ್ಪಬಹುದಾ?

ಹಾಸನದಿಂದ, ತಂಗಿ

ನಮ್ಮಣ್ಣನಿಗೆ 38 ವರ್ಷ, ಬೌದ್ಧಿಕ ಅಂಗವೈಕಲ್ಯ. ಅಪ್ಪ ತೀರಿಕೊಂಡರು, ಅಮ್ಮನ ಕೈಲಿ ಆಗಲ್ಲ. ಎರಡು ವರ್ಷದಿಂದ ಒಂದು ವಸತಿ ಕೇಂದ್ರದಲ್ಲಿದ್ದಾನೆ. ಚೆನ್ನಾಗಿಯೇ ನೋಡ್ಕೊಳ್ತಾರೆ. ಈಗ ಅಲ್ಲಿನ ಸರ್, "ನೀವೆಲ್ಲ ದೂರ ಇರ್ತೀರ, ನಾನೇ ಗಾರ್ಡಿಯನ್ ಆಗ್ತೀನಿ, ನಿಮ್ಮಪ್ಪ ಇಟ್ಟಿರೋ ಎಫ್‌ಡಿ ಕೇಂದ್ರದ ಹೆಸರಿಗೆ ಮಾಡಿ, ಕೊನೆತನಕ ನಮ್ಮ ಜವಾಬ್ದಾರಿ" ಅಂತಾರೆ. ಅಮ್ಮ ಒಪ್ಪಿಬಿಟ್ಟಿದ್ದಾರೆ. ನನಗೆ ಮನಸ್ಸಿಲ್ಲ. ಬೇಡ ಅಂದರೆ ಅಣ್ಣನ ಮೇಲೆ ಅದರ ಪರಿಣಾಮ ಆಗುತ್ತೇನೋ ಅಂತ ಭಯ. ಅನುಭವ ಇದ್ದವರು ಹೇಳಿ.

ಮೈಸೂರಿನಿಂದ, ತಮ್ಮನ ಗಾರ್ಡಿಯನ್

ತಂಗಿ, ಸಹಿ ಹಾಕುವ ಮೊದಲೇ ಕೇಳಿದಿರಿ, ಒಳ್ಳೆಯದಾಯ್ತು. ದಯವಿಟ್ಟು ಒಪ್ಪಬೇಡಿ.

ಆ ಸರ್ ಒಳ್ಳೆಯವರೇ ಇರಬಹುದು. ಆದರೆ ತಿಂಗಳ ಫೀಸು ತಗೊಳ್ಳೋರೂ ಅವರೇ, ಅಷ್ಟು ಫೀಸು ಸರಿ ಅಂತ ನಿಮ್ಮಣ್ಣನ ಪರವಾಗಿ ಒಪ್ಪೋರೂ ಅವರೇ ಆಗ್ತಾರೆ. ನಾಳೆ ಅಲ್ಲಿ ಊಟ ಕೆಟ್ಟರೆ, ಯಾರಾದರೂ ಕೈ ಮಾಡಿದರೆ, "ಇವನನ್ನು ಬೇರೆ ಕಡೆ ಸೇರಿಸಬೇಕು" ಅನ್ನಬೇಕಾದವರು ಗಾರ್ಡಿಯನ್. ತನ್ನದೇ ಕೇಂದ್ರದ ಮೇಲೆ ಯಾರು ದೂರು ಬರೆಯುತ್ತಾರೆ?

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಓದಿ. ಹಣ, ಆಸ್ತಿ ವ್ಯವಹಾರದಲ್ಲಿ ನೆರವು ಕೊಡುವವರ ಹಿತಕ್ಕೂ ಅಂಗವಿಕಲ ವ್ಯಕ್ತಿಯ ಹಿತಕ್ಕೂ ತಾಕಲಾಟ ಬಂದರೆ, ನೆರವು ಕೊಡುವವರು ಆ ವ್ಯವಹಾರದಿಂದ ದೂರ ನಿಲ್ಲಬೇಕು. ರಕ್ತಸಂಬಂಧಿ ಅನ್ನುವ ಒಂದೇ ಕಾರಣಕ್ಕೆ ತಾಕಲಾಟ ಇದೆ ಅಂತ ಊಹಿಸುವ ಹಾಗಿಲ್ಲ ಅಂತಲೂ ಅಲ್ಲೇ ಇದೆ.

ಆ ಎರಡನೇ ಮಾತು ಓದಿ ನಾನು ನಿರಾಳವಾಗಿದ್ದೆ, ತಪ್ಪು ಮಾಡಿದೆ. ಅಪ್ಪನ ಸೈಟು ನನ್ನ, ತಮ್ಮನ ಇಬ್ಬರ ಹೆಸರಲ್ಲಿತ್ತು. ಮಗಳ ಕಾಲೇಜಿಗೆ ದುಡ್ಡು ಬೇಕಾದಾಗ ಮಾರೋಣ ಅಂತ ಹೊರಟೆ. ಅವನಿಗೂ ಪಾಲು ಬರುತ್ತಲ್ಲ, ಬ್ಯಾಂಕಲ್ಲಿ ಹಾಕಿದರಾಯ್ತು ಅಂತ ಸಮಾಧಾನ. ಅಕ್ಕ ಒಂದೇ ಮಾತು ಕೇಳಿದಳು: "ಈಗ ಮಾರೋ ಅವಸರ ಅವನಿಗೋ, ನಿನಗೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರಲಿಲ್ಲ, ಸಾಲ ಮಾಡಿ ಓದಿಸಿದೆ. ಅಂದಿನಿಂದ ನನಗೂ ಲಾಭ ಇರುವ ವಿಷಯ ಬಂದರೆ ಅವನ ಪರವಾಗಿ ಅಕ್ಕ ಕೂರುತ್ತಾಳೆ. ನೀವೂ ಅಮ್ಮನೂ ಇದನ್ನು ಈಗಲೇ ಮಾತಾಡಿಕೊಳ್ಳಿ, ಯಾಕೆಂದರೆ ನಾಳೆ ಅಪ್ಪನ ಆಸ್ತಿಯಲ್ಲಿ ನಿಮಗೂ ಪಾಲು ಬರಬೇಕಲ್ಲ.

ನಿಮ್ಮಲ್ಲೊಬ್ಬರು ಗಾರ್ಡಿಯನ್ ಆಗುವುದಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಯಾವ ಯಾವ ಕೆಲಸಕ್ಕೆ ಗಾರ್ಡಿಯನ್ ಬೇಕು ಅನ್ನುವುದನ್ನೂ ಅವರು ನೋಡುತ್ತಾರೆ. ನೇಮಕವಾದ 6 ತಿಂಗಳೊಳಗೆ ಅವನ ಆಸ್ತಿಪಟ್ಟಿ ಕೊಡಬೇಕು. ಪ್ರತಿ ವರ್ಷ ಮಾರ್ಚ್ ಮುಗಿದು 3 ತಿಂಗಳೊಳಗೆ ಜಮಾ-ಖರ್ಚಿನ ಲೆಕ್ಕ. ನಾನು ಒಂದು ನೋಟ್‌ಬುಕ್ಕಲ್ಲಿ ಹೇರ್‌ಕಟ್ಟಿನ ದುಡ್ಡೂ ಬರೆದಿಡ್ತೀನಿ.

ಎಫ್‌ಡಿ ಅವನ ಹೆಸರಲ್ಲೇ ಇರಲಿ. ಬಡ್ಡಿ ಅವನ ಎಸ್‌ಬಿ ಖಾತೆಗೆ ಬರಲಿ, ಅಲ್ಲಿಂದ ಫೀಸು ಚೆಕ್ಕಿನಲ್ಲಿ ಹೋಗಲಿ, ರಸೀದಿ ಬರಲಿ. ಎಟಿಎಂ ಕಾರ್ಡು ಕೇಂದ್ರದಲ್ಲಿದ್ದರೆ ಇವತ್ತೇ ತಗೊಳ್ಳಿ.

ಶಿವಮೊಗ್ಗದಿಂದ, ಪೋಷಕರ ಸಂಘದ ಸದಸ್ಯೆ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲ ವ್ಯಕ್ತಿಯೊಬ್ಬರು ಇರ್ತಾರೆ. ಆ ಸಂಸ್ಥೆ ನಿಮ್ಮಣ್ಣ ಇರುವ ಕೇಂದ್ರವೇ ಆಗಿದ್ದರೆ? ಮೊದಲೇ ವಿಚಾರಿಸಿ. ಹೌದಾದರೆ, ನಿಮ್ಮ ಅರ್ಜಿ ಬಂದಾಗ ಆ ಪ್ರತಿನಿಧಿ ಕೂರಬಾರದು ಅಂತ ಜಿಲ್ಲಾಧಿಕಾರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಮ್ಮ ಈಗಾಗಲೇ ಏನಾದರೂ ಸಹಿ ಹಾಕಿದ್ದರೂ ಗಾಬರಿ ಬೇಡ. ಗಾರ್ಡಿಯನ್ ಆದವರು ನಿರ್ಲಕ್ಷ್ಯ ಮಾಡಿದರೆ, ಆಸ್ತಿ ದುರುಪಯೋಗ ಮಾಡಿದರೆ ತೆಗೆಸಲು ಪೋಷಕರೋ ಸಂಬಂಧಿಕರೋ ಅದೇ ಸಮಿತಿಗೆ ಹೋಗಬಹುದು.

ಧಾರವಾಡದಿಂದ, ಸ್ಪೆಷಲ್ ಎಜುಕೇಟರ್

ಅಕ್ಕಾರ, ನಾನು ಆ ಕಡೆ ಕುಂತಾಕಿ. ಹಿಂದ ಒಂದು ಶಾಲ್ಯಾಗ ಮುಂಜಾನೆ ಪಾಠ ಹೇಳತಿದ್ದೆ, ಸಂಜೀಗೆ ಅವೇ ಮಕ್ಕಳ ಮನ್ಯಾಗ ರೊಕ್ಕಾ ತಗೊಂಡು ಕ್ಲಾಸು. "ಈ ಹುಡುಗಗ ಇನ್ನೂ ಹೆಚ್ಚಿನ ಕ್ಲಾಸು ಬೇಕು" ಅಂತ ವರದಿ ಬರದಾಕೀನೂ ನಾನ. ಸುಳ್ಳು ಬರದಿಲ್ಲರಿ. ಆದ್ರ ಒಬ್ಬ ಹುಡುಗಗ ಕ್ಲಾಸು ಸಾಕು ಅಂತ ಬರೀಬೇಕಾಗಿತ್ತು, ಆರು ತಿಂಗಳು ತಡಾ ಮಾಡಿದೆ. ಅವರ ಅಪ್ಪ ಆಟೋ ಹೊಡೀತಿದ್ರು. ಅದು ಇನ್ನೂ ಎದಿಯೊಳಗ ಅದ. ಈಗ ನಾನು ವರದಿ ಬರದ ಮಕ್ಕಳಿಗೆ ಕ್ಲಾಸು ತಗೊಳ್ಳೂದಿಲ್ಲ, ಬ್ಯಾರೆ ಇಬ್ಬರ ಹೆಸರು ಹೇಳತೀನಿ.

ಇಷ್ಟು ಮಂದಿ ಮಾತಾಡಿದ್ವಿ, ನಿಮ್ಮ ಅಣ್ಣಾರನ್ನ ಯಾರರ ಕೇಳೀರೇನು? ಕೇಂದ್ರದಾಗ ಕೇಳಬ್ಯಾಡ್ರಿ, ಸರ್ ಮುಂದ ಅವರು ಹೂಂ ಅಂತಾರ. ಹೊರಗ ಕರ್ಕೊಂಡು ಹೋಗ್ರಿ, ಚಾ ಕುಡಸ್ರಿ. ಒಂದೊಂದ ಪ್ರಶ್ನಿ ಕೇಳ್ರಿ, ಉತ್ತರಕ್ಕ ಕಾಯ್ರಿ. ಎರಡು ದಿನ ಬಿಟ್ಟು ಅದನ್ನ ತಿರುವಿ ಕೇಳ್ರಿ.

ಹಾಸನದಿಂದ, ತಂಗಿ

ಎಲ್ಲರಿಗೂ ಕೈಮುಗಿದೆ. ಶನಿವಾರ ಅಣ್ಣನನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಕೇಂದ್ರದಲ್ಲೇ ಇರ್ತೀಯಾ ಅಂದೆ, ಇರ್ತೀನಿ ಅಂದ. ನಿನ್ನ ದುಡ್ಡು ಯಾರು ಇಟ್ಕೋಬೇಕು ಅಂದೆ. ತುಂಬ ಹೊತ್ತು ಸುಮ್ಮನಿದ್ದು, "ಅಮ್ಮ. ಅಮ್ಮ ಇಲ್ಲಾಂದ್ರೆ ನೀನು" ಅಂದ. ಸೋಮವಾರ ಫೋನಲ್ಲೂ ಅದನ್ನೇ ಹೇಳಿದ.

ಸರ್‌ಗೆ ಹೇಳಿದೆ. ಮುಖ ಸ್ವಲ್ಪ ಚಿಕ್ಕದಾಯ್ತು, ಆದರೆ ಎಟಿಎಂ ಕಾರ್ಡು ಕೊಟ್ಟರು, ರಸೀದಿಗೂ ಒಪ್ಪಿದರು. ಅಮ್ಮನಿಗೆ ಅಣ್ಣನ ಬಾಯಿಂದಲೇ ಕೇಳಿಸಬೇಕು ಅಂತಿದ್ದೀನಿ. ಭಾನುವಾರ ಅವನನ್ನು ಮನೆಗೆ ಕರ್ಕೊಂಡು ಬರ್ತಿದ್ದೀನಿ.