ಮೆಟಾಲಿಕಾದ ಇತ್ತೀಚಿನ ಆಲ್ಬಮ್‌ಗಳು ಏಕೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ?

ಹಳೇಕ್ಯಾಸೆಟ್ (ಪ್ರಶ್ನೆ):

ಮನೆ ಬದಲಿಸುವಾಗ ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಂದರಲ್ಲಿ, ಅಬ್ಬರದ ರಾಕ್ ಆದ ಹೆವಿ ಮೆಟಲ್ ನುಡಿಸುವ ಅಮೆರಿಕದ ತಂಡ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಕ್ಯಾಸೆಟ್ ಸಿಕ್ಕಿತು. ಡಬ್ಬಿಯ ಮುಚ್ಚಳ ಸೀಳಿತ್ತು. ಒಳಗಿನ ಕಾಗದದ ಮೇಲೆ ಹಾಡಿನ ಸಾಲುಗಳನ್ನು ಕಿವಿಗೆ ಬಿದ್ದಷ್ಟು, ಬಿದ್ದ ಹಾಗೆ, ತಪ್ಪುತಪ್ಪಾಗಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆ. ಟೇಪ್ ರೆಕಾರ್ಡರ್ ಈಗ ಇಲ್ಲವಾದ್ದರಿಂದ ಫೋನಿನಲ್ಲೇ ಇಡೀ ಆಲ್ಬಮ್ ಕೇಳಿದೆ, ಅದೇ ಹುಮ್ಮಸ್ಸಿನಲ್ಲಿ 2023ರ ‘72 ಸೀಸನ್ಸ್’ ಕೂಡ ಹಚ್ಚಿದೆ. ನಾಲ್ಕನೆಯ ಹಾಡು ಮುಗಿಯುವ ಮೊದಲೇ ಎದ್ದು ಪಾತ್ರೆ ತೊಳೆಯಲು ಹೋಗಿದ್ದೆ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ನನಗೆ ಗೊತ್ತು: ಅವರು ದುಡ್ಡಿಗೆ ತಮ್ಮನ್ನು ಮಾರಿಕೊಂಡರು. ಮುಖಪುಟದ ಬಣ್ಣದಿಂದ ‘ಕಪ್ಪು ಆಲ್ಬಮ್’ ಎನ್ನಿಸಿಕೊಂಡ 1991ರ ಆಲ್ಬಮ್ಮಿನ ಬಗ್ಗೆ, ಮೆಟಲ್‌ನವರ ಗುರುತಾದ ಉದ್ದ ಕೂದಲು ಕತ್ತರಿಸಿಕೊಂಡು ಬಂದ 1996ರ ‘ಲೋಡ್’ ಬಗ್ಗೆ ಈ ಮಾತು ಹೇಳಿದರೆ ಒಪ್ಪಬಹುದೇನೋ. ಆದರೆ ‘72 ಸೀಸನ್ಸ್’ ರೇಡಿಯೋಗಾಗಿ ಮಾಡಿದ ಸಂಗೀತವಲ್ಲ. ವೇಗವಿದೆ, ಭಾರವಿದೆ, ಹನ್ನೊಂದು ನಿಮಿಷದ ಹಾಡೊಂದೂ ಇದೆ. ನಾವು ಕೇಳಿದ್ದನ್ನೆಲ್ಲ ಕೊಟ್ಟ ಮೇಲೂ ಏನೋ ಇಲ್ಲವೆನ್ನಿಸಿದರೆ, ಇಲ್ಲದಿರುವುದು ಯಾವುದು? ಮೆಟಲ್ ಅನ್ನು ಬಹುಕಾಲದಿಂದ ಕೇಳುತ್ತಿರುವವರು ದಯವಿಟ್ಟು ವಿವರಿಸಿ.

ಮಂದಶ್ರುತಿ:

‘ಮಾರಿಕೊಂಡರು’ ಎಂಬ ವಿವರಣೆ ಸುಲಭವಾದದ್ದು, ಆದ್ದರಿಂದಲೇ ನನಗೆ ಅದರ ಮೇಲೆ ಗುಮಾನಿ. ಸಂಗೀತಗಾರನ ಮನಸ್ಸಿನ ನಿಯತ್ತನ್ನು ಅಳೆಯಲು ನಮ್ಮ ಬಳಿ ತಕ್ಕಡಿಯಿಲ್ಲ. ಹಾಡು ಹುಟ್ಟುವ ಬಗೆ ಹೇಗೆ ಬದಲಾಯಿತೆಂಬುದನ್ನಾದರೆ ನೋಡಬಹುದು.

ಅವರ ಮೊದಲ ಆಲ್ಬಮ್, 1983ರ ‘ಕಿಲ್ ಎಮ್ ಆಲ್’ನ ಹೆಚ್ಚಿನ ಹಾಡುಗಳು ಅದಕ್ಕೂ ಹಿಂದಿನ ವರ್ಷವೇ ಡೆಮೊ (ಮಾದರಿ) ಟೇಪಿನಲ್ಲಿ ಹಂಚಿಕೆಯಾಗಿ, ಕ್ಯಾಲಿಫೋರ್ನಿಯಾದ ಕ್ಲಬ್ಬುಗಳಲ್ಲಿ ನುಡಿದು ನುಡಿದು ಹದಗೊಂಡಿದ್ದವು. ಬೇಸರ ತರಿಸಿದ ಭಾಗ ಯಾವುದೆಂದು ಎದುರಿಗೆ ನಿಂತ ಐವತ್ತು ಜನರ ಮುಖವೇ ತಿಳಿಸುತ್ತಿತ್ತು. ಮುಂದಿನ ಎರಡು ಆಲ್ಬಮ್‌ಗಳ ಕಾಲಕ್ಕೆ ಅವರು ಎಲ್ ಸೆರಿಟೊ ಎಂಬ ಊರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದರು. 1985ರಲ್ಲಿ ಕೋಪನ್‌ಹೇಗನ್ನಿನ ಸ್ಟುಡಿಯೋಗೆ ಕಾಲಿಡುವ ಹೊತ್ತಿಗೆ ‘ಮಾಸ್ಟರ್’ನ ಹಾಡುಗಳ ಎಲುಬು ಗಟ್ಟಿಯಾಗಿತ್ತು. ಹಾಗಾಗಿಯೇ ಶೀರ್ಷಿಕೆಯ ಹಾಡಿನ ಮೂರೂವರೆ ನಿಮಿಷದ ಸುಮಾರಿಗೆ ಗದ್ದಲವೆಲ್ಲ ತಟ್ಟನೆ ನಿಂತು, ಎರಡು ಗಿಟಾರುಗಳು ಮೆಲ್ಲಗೆ ಜೊತೆಗೂಡುವ ಭಾಗ ಅಂಟಿಸಿದಂತೆ ಕೇಳಿಸುವುದಿಲ್ಲ. ಹಾಡು ತಾನಾಗಿ ಅಲ್ಲಿಗೆ ತಲುಪಿತೆನ್ನಿಸುತ್ತದೆ.

ಎರಡನೆಯ ಕಾರಣ, ಹಳೆಯ ಆಲ್ಬಮ್‌ಗಳಿಗಿದ್ದ ಜಾಗದ ಅಭಾವ. ಎಲ್‌ಪಿ (ಗ್ರಾಮಫೋನ್) ತಟ್ಟೆಯ ಒಂದು ಬದಿಯಲ್ಲಿ 22-23 ನಿಮಿಷ ಮೀರಿದರೆ ಗೀರುಗಳು ಇಕ್ಕಟ್ಟಾಗಿ ದನಿ ಸೊರಗುತ್ತದೆ. ‘ಮಾಸ್ಟರ್’ ಆ ಮಿತಿಯನ್ನೂ ಎಳೆದಾಡಿ ಎಂಟು ಹಾಡು, ಸುಮಾರು 55 ನಿಮಿಷಕ್ಕೆ ನಿಂತಿತು. ‘ಲೋಡ್’ ಬರುವ ವೇಳೆಗೆ ಸಿಡಿ ಬಂದಿತ್ತು, ಅವರು ಅದನ್ನು ಕಂಠಪೂರ್ತಿ ತುಂಬಿದರು: 14 ಹಾಡು, ಒಂದು ಸೆಕೆಂಡು ಕಡಿಮೆ 79 ನಿಮಿಷ. ಕೊನೆಯ ಹಾಡು ಸಿಡಿಯಲ್ಲಿ ಹಿಡಿಯದೆ ಅದರ ಬಾಲವನ್ನು ಒಂದು ನಿಮಿಷದಷ್ಟು ಕತ್ತರಿಸಬೇಕಾಯಿತು. ಯಾವ ಹಾಡನ್ನು ಕೈಬಿಡಬೇಕೆಂಬ ಪ್ರಶ್ನೆಗಿಂತ ಎಷ್ಟನ್ನು ತುರುಕಬಹುದೆಂಬ ಪ್ರಶ್ನೆ ಮುಂದಾದದ್ದು ಅಲ್ಲಿಂದ. ‘ಹಾರ್ಡ್‌ವೈರ್ಡ್’ ಮತ್ತು ‘72 ಸೀಸನ್ಸ್’ ಎರಡೂ 77 ನಿಮಿಷದ ಆಸುಪಾಸಿನಲ್ಲಿವೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ: ಬೇಡ ಎನ್ನುವವರು ಒಬ್ಬೊಬ್ಬರಾಗಿ ಇಲ್ಲವಾದರು. ಗಿಟಾರ್ ವಾದಕ ಡೇವ್ ಮಸ್ಟೇನ್‌ರನ್ನು 1983ರಲ್ಲಿ ಮನೆಗೆ ಕಳಿಸಲಾಯಿತು. ಸಂಗೀತಶಾಸ್ತ್ರವನ್ನು ಉಳಿದವರಿಗಿಂತ ಆಳವಾಗಿ ಬಲ್ಲ, ಬಾಸ್ (ಮಂದ್ರದ ಗಿಟಾರ್) ನುಡಿಸುವ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್‌ರ ಬಾಸ್ 1988ರ ಆಲ್ಬಮ್ಮಿನಲ್ಲಿ ಕೇಳಿಸುವುದೇ ಇಲ್ಲ, ಅಂದ ಮೇಲೆ ಅವರ ಮಾತಿಗೆ ಎಷ್ಟು ಬೆಲೆಯಿತ್ತೆಂದು ನೀವೇ ಊಹಿಸಿ. ಉಳಿದದ್ದು ಹಾಡುಗಾರ ಹೆಟ್‌ಫೀಲ್ಡ್ ಮತ್ತು ಡ್ರಮ್ ವಾದಕ ಉಲ್ರಿಚ್ ಜೋಡಿಯ ಒಪ್ಪಿಗೆ ಮಾತ್ರ. ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಸುಮಾರು 250 ರಿಫ್‌ಗಳಿದ್ದ (ಹಾಡಿಗೆ ಬುನಾದಿಯಾಗುವ ಗಿಟಾರ್ ತುಣುಕುಗಳಿದ್ದ) ಫೋನನ್ನು ಕಳೆದುಕೊಂಡ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. 2016ರ ‘ಹಾರ್ಡ್‌ವೈರ್ಡ್’ನ ಒಂದು ಹಾಡಿನ ರಚನೆಯಲ್ಲೂ ಅವರ ಹೆಸರಿಲ್ಲ. ನನಗೆ ಅದು ನಗುವ ಕಥೆಯಾಗಿ ಕಾಣುವುದಿಲ್ಲ. ಗ್ಯಾರೇಜಿನ ಕಾಲದಲ್ಲಾಗಿದ್ದರೆ ಆ ರಿಫ್‌ಗಳಲ್ಲಿ ಒಳ್ಳೆಯವು ಉಳಿದ ಮೂವರ ಬೆರಳುಗಳಲ್ಲೂ ಇರುತ್ತಿದ್ದವು.

ಜೋಡಿಪೆಡಲ್:

ಮೇಲಿನವರು ಹೇಳಿದ್ದನ್ನು ಮುಕ್ಕಾಲುಪಾಲು ಒಪ್ಪುತ್ತೇನೆ. ಆದರೆ ಬೇಡ ಎನ್ನುವವನು ಇದ್ದೊಡನೆ ಅಭಿಮಾನಿ ಸಂತುಷ್ಟನಾಗುತ್ತಾನೆಂಬ ಮಾತನ್ನು ಒಪ್ಪಲಾರೆ. ಕಪ್ಪು ಆಲ್ಬಮ್ಮಿನ ನಿರ್ಮಾಪಕ ಬಾಬ್ ರಾಕ್ ಅವರಷ್ಟು ಕಟ್ಟುನಿಟ್ಟಾಗಿ ಆ ತಂಡದ ಕೈಹಿಡಿದು ತಿದ್ದಿದವರು ಮತ್ತೊಬ್ಬರಿಲ್ಲ. ಆ ಆಲ್ಬಮ್ ಅಮೆರಿಕವೊಂದರಲ್ಲೇ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಆದರೂ ಥ್ರ್ಯಾಶ್ ಎಂಬ ವೇಗದ ಮೆಟಲ್‌ನ ಹಳೆಯ ಅಭಿಮಾನಿಗಳು ಇಂದಿಗೂ ಶಪಿಸುವುದು ಅವರನ್ನೇ.

ನಾನು ಡ್ರಮ್ ನುಡಿಸುವವನಾದ್ದರಿಂದ ದನಿಯ ಬಗ್ಗೆ ಒಂದು ಮಾತು. 2003ರ ‘ಸೇಂಟ್ ಆಂಗರ್’ ಕೇಳಿ ಕೋಪಗೊಂಡವರಲ್ಲಿ ಹೆಚ್ಚಿನವರಿಗೆ ಕೋಪ ಬಂದದ್ದು ಹಾಡುಗಳ ಮೇಲಲ್ಲ, ಸ್ನೇರ್ ಡ್ರಮ್ಮಿನ ಮೇಲೆ. ಸ್ನೇರ್‌ನ ಕೆಳಹೊದಿಕೆಗೆ ತಾಗಿದಂತೆ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಕೋಲಿನ ಪೆಟ್ಟಿಗೆ ‘ಚರ್’ ಎಂಬ ಮೊನಚು ಬರುವುದು ಅದರಿಂದ. ಪಕ್ಕದ ಸಣ್ಣ ಸನ್ನೆಯನ್ನು ಸಡಿಲಿಸಿದರೆ ತಂತಿ ಕೆಳಗಿಳಿದು, ಡ್ರಮ್ ಖಾಲಿ ಎಣ್ಣೆ ಡಬ್ಬದಂತೆ ‘ಟಣ್’ ಎನ್ನುತ್ತದೆ. ಉಲ್ರಿಚ್ 75 ನಿಮಿಷವೂ ಹಾಗೆಯೇ ನುಡಿಸಿದರು, ಜೊತೆಗೆ ಒಂದೇ ಒಂದು ಗಿಟಾರ್ ಸೋಲೋ (ಗಿಟಾರ್ ಒಂದೇ ಮೆರೆಯುವ ಭಾಗ) ಇಲ್ಲ. ನಮ್ಮ ಅಭ್ಯಾಸದ ಕೋಣೆಯಲ್ಲಿ ನಾನೂ ಒಮ್ಮೆ ತಂತಿ ಇಳಿಸಿ ಅರ್ಧ ಗಂಟೆ ನುಡಿಸಿ ನೋಡಿದೆ. ಕೆಳಮನೆಯವರು ಮೇಲೆ ಬಂದು, ನೀರಿನ ಟ್ಯಾಂಕ್ ರಿಪೇರಿ ಯಾವಾಗ ಮುಗಿಯುತ್ತದೆಂದು ವಿಚಾರಿಸಿದರು.

2008ರ ‘ಡೆತ್ ಮ್ಯಾಗ್ನೆಟಿಕ್’ನ ಕಥೆ ಇನ್ನೂ ವಿಷಾದಕರ. ಹಾಡುಗಳು ಹಳೆಯ ದಾರಿಗೆ ಮರಳಿದ್ದವು, ಸೋಲೋಗಳೂ ಬಂದಿದ್ದವು; ಆದರೆ ಆಲ್ಬಮ್ಮನ್ನು ಎಷ್ಟು ಜೋರಾಗಿ ಅಚ್ಚು ಹಾಕಿದ್ದರೆಂದರೆ ದನಿಯ ಅಲೆಗಳ ತುದಿ ಕತ್ತರಿಸಿಹೋಗಿ ಪೆಟ್ಟುಪೆಟ್ಟಿಗೂ ಕಿರಿಕಿರಿ. ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟಕ್ಕೆ ಕೊಟ್ಟಿದ್ದ ಅವೇ ಹಾಡುಗಳ ಪ್ರತಿಯಲ್ಲಿ ಈ ದೋಷ ಬಹಳ ಕಡಿಮೆಯಿತ್ತು. ಕಾಸು ಕೊಟ್ಟು ಸಿಡಿ ಕೊಂಡವನಿಗಿಂತ ಆಟ ಆಡುತ್ತಿದ್ದ ಹುಡುಗನಿಗೆ ಒಳ್ಳೆಯ ದನಿ ಸಿಕ್ಕಿತು.

ಅರಮನೆ_ಮೈದಾನ_2011:

ತಂಡದ ತಪ್ಪನ್ನೇ ಎಣಿಸುತ್ತಿದ್ದೀರಿ, ಕೇಳುಗನನ್ನೂ ಸ್ವಲ್ಪ ವಿಚಾರಿಸಿ. ನನ್ನ ಬಳಿ ಹದಿನಾರನೆಯ ವಯಸ್ಸಿನಲ್ಲಿ ಇದ್ದದ್ದು ಆರು ಕ್ಯಾಸೆಟ್. ಚೆನ್ನಾಗಿಲ್ಲದ ಹಾಡನ್ನು ದಾಟಿಸುವುದೂ ಕಷ್ಟವಾಗಿತ್ತು, ಹಾಗಾಗಿ ಅದನ್ನೂ ನೂರು ಸಲ ಕೇಳಿ ಇಷ್ಟಪಡಲು ಕಲಿತೆ. ‘72 ಸೀಸನ್ಸ್’ಗೆ ನೀವು ಕೊಟ್ಟದ್ದು ಮೂರೂವರೆ ಹಾಡಿನ ತಾಳ್ಮೆ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಕೆಸರಿನಲ್ಲಿ ನಿಂತು ಕೇಳಿದೆ. ನುಡಿಸಿದ್ದರಲ್ಲಿ ಬಹುಪಾಲು 1991 ಮತ್ತು ಅದಕ್ಕೂ ಹಿಂದಿನ ಹಾಡುಗಳು. ನಾವು ಗಂಟಲು ಹರಿದುಕೊಂಡದ್ದೂ ಅವಕ್ಕೇ. ಅದರ ಮರುದಿನವೇ ಯುರೋಪಿನಲ್ಲಿ ರಾಕ್ ಗಾಯಕ ಲೂ ರೀಡ್ ಜೊತೆಗಿನ ಆಲ್ಬಮ್ ‘ಲುಲು’ ಬಿಡುಗಡೆಯಾಯಿತು. ಅದರ ಸುದ್ದಿಯನ್ನು ಆ ಸಂಜೆ ಮೈದಾನದಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ.

ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರೊಬ್ಬರು ನಲವತ್ತು ವರ್ಷ ಅದೇ ತೋಡಿ, ಅದೇ ಕೃತಿಯನ್ನು ಹಾಡಿದರೆ ಯಾರೂ ಹೊಸದೇನು ಎಂದು ಕೇಳುವುದಿಲ್ಲ. ಈ ವರ್ಷ ಹೇಗೆ ಹಾಡಿದರೆಂದು ಕೇಳುತ್ತಾರೆ. ಮೆಟಲ್ ತಂಡಕ್ಕೆ ಆ ಸವಲತ್ತಿಲ್ಲ. ಪ್ರತಿ ಬಾರಿಯೂ ಹೊಸ ರಚನೆ ತರಬೇಕು, ತಂದದ್ದು ಹಳೆಯದರಂತಿದ್ದರೆ ಪುನರಾವರ್ತನೆ, ಇಲ್ಲದಿದ್ದರೆ ದ್ರೋಹ.

ಹಿಂದಿನಿಂದ_ಮುಂದಕ್ಕೆ:

ನನಗೆ ಹತ್ತೊಂಬತ್ತು ವರ್ಷ, ಆದ್ದರಿಂದ ನೆನಪಿನ ಮೋಹದ ಆರೋಪ ನನಗೆ ಅನ್ವಯಿಸದು. ನಾನು ಮೊದಲು ಕೇಳಿದ್ದು ‘ಹಾರ್ಡ್‌ವೈರ್ಡ್’. 2022ರಲ್ಲಿ, ಆ ಹಾಡು ಬರುವ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ನೋಡಿದ ಮೇಲೆ ‘ಮಾಸ್ಟರ್’. ಯಾರೂ ಹೇಳಿಕೊಡದೆಯೇ ಹಳೆಯದು ಮೇಲೆನ್ನಿಸಿತು, ಹಾಗಾಗಿ ದೋಷವೆಲ್ಲ ಕೇಳುಗನದೆಂಬುದನ್ನು ಒಪ್ಪಲಾರೆ. ಆದರೆ ನೀವೆಲ್ಲ ಉಗಿಯುವ ‘ಲೋಡ್’ ನನಗೆ ಬಹಳ ಹಿಡಿಸಿತು. ಅವರು ಕೂದಲು ಕತ್ತರಿಸಿಕೊಂಡಾಗ ನಾನು ಹುಟ್ಟಿಯೂ ಇರಲಿಲ್ಲ, ಅದರಿಂದ ನನಗಾದ ನಷ್ಟವೇನೂ ಇಲ್ಲ.

ವಯಸ್ಸೇ ಕಾರಣವೆನ್ನುವವರು ಇನ್ನೊಂದು ಹಳೆಯ ಮೆಟಲ್ ತಂಡವಾದ ಜೂಡಾಸ್ ಪ್ರೀಸ್ಟ್‌ನ 2018ರ ‘ಫೈರ್‌ಪವರ್’ ಕೇಳಬೇಕು. ಹಾಡುಗಾರ ರಾಬ್ ಹಾಲ್‌ಫರ್ಡ್‌ಗೆ ಆಗ 66 ವರ್ಷ. 1980ರ ದಶಕದ ಆಲ್ಬಮ್‌ಗಳನ್ನು ಮಾಡಿದ್ದ ಟಾಮ್ ಆಲಮ್ ಅವರನ್ನು ಮತ್ತೆ ಕರೆಸಿ, ಅವರ ಜೊತೆಗೆ ಇನ್ನೊಂದು ತಲೆಮಾರಿನ ಆ್ಯಂಡಿ ಸ್ನೀಪ್ ಅವರನ್ನೂ ನಿರ್ಮಾಣಕ್ಕೆ ಕೂರಿಸಿದರು. ಮಂದಶ್ರುತಿಯವರ ಮೂರನೆಯ ಕಾರಣಕ್ಕೆ ಇದು ಸಾಕ್ಷಿಯಾದೀತೇನೋ. ಕಾರ್ಕಸ್ ಎಂಬ ಮೆಟಲ್ ತಂಡ 1996ರ ನಂತರ ಹದಿನೇಳು ವರ್ಷ ಆಲ್ಬಮ್ಮೇ ತರದೆ, 2013ರಲ್ಲಿ ‘ಸರ್ಜಿಕಲ್ ಸ್ಟೀಲ್’ ತಂದಿತು, ಅದೂ ಚೂರಿಯಷ್ಟೇ ಹರಿತವಾಗಿತ್ತು.

ಹಳೇಕ್ಯಾಸೆಟ್:

ಎಲ್ಲರಿಗೂ ವಂದನೆಗಳು. ಮೂರೂವರೆ ಹಾಡಿನ ತಾಳ್ಮೆ ಎಂಬ ಮಾತು ಚುಚ್ಚಿತು, ಅದಕ್ಕಾಗಿ ಒಂದು ಪ್ರಯೋಗ ಮಾಡಿದೆ. ‘72 ಸೀಸನ್ಸ್’ನ ಹನ್ನೆರಡು ಹಾಡುಗಳಲ್ಲಿ ಐದನ್ನು ತೆಗೆದು, ಉಳಿದ ಏಳನ್ನು ಎಲ್‌ಪಿಯಂತೆ ಎರಡು ಬದಿಗಳಾಗಿ ಜೋಡಿಸಿದೆ. ಮೊದಲ ಬದಿಗೆ ಶೀರ್ಷಿಕೆಯ ಹಾಡು, ಅದರ ನಂತರದ ಎರಡು, ಕೊನೆಯಲ್ಲಿ ‘ಲಕ್ಸ್ ಈಟರ್ನಾ’. ಎರಡನೆಯ ಬದಿಗೆ ‘ಟೂ ಫಾರ್ ಗಾನ್’, ‘ರೂಮ್ ಆಫ್ ಮಿರರ್ಸ್’, ಆ ಹನ್ನೊಂದು ನಿಮಿಷದ ‘ಇನಾಮೊರಾಟಾ’. ಒಟ್ಟು 44 ನಿಮಿಷ. ವಾರವಿಡೀ ಬಸ್ಸಿನಲ್ಲಿ ಇದನ್ನಷ್ಟೇ ಕೇಳಿದೆ.

ನಾಲ್ಕನೆಯ ದಿನ ‘ಇನಾಮೊರಾಟಾ’ದ ನಡುವೆ ಗಿಟಾರುಗಳು ಹಿಂದೆ ಸರಿದು ತಂಡದ ಈಗಿನ ಬಾಸ್ ವಾದಕ ಟ್ರುಹಿಯೊ ಅವರ ಬಾಸ್ ಮುಂದೆ ಬರುವ ಜಾಗ ಕಿವಿಗೆ ಬಿತ್ತು, ನಾನು ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ‘ಮಾಸ್ಟರ್’ಗೆ ಸಮವೆಂದು ಈಗಲೂ ಹೇಳಲಾರೆ. ತೆಗೆದುಹಾಕಿದ ಐದು ಹಾಡುಗಳಲ್ಲಿ ಒಂದರ ರಾಗವೂ ಇಂದಿನವರೆಗೆ ನೆನಪಾಗಿಲ್ಲ.