ಚಿನ್ನ ಹುಡುಕುವ ಡಿಟೆಕ್ಟರ್ 20 ನಿಮಿಷಕ್ಕೆ ಆಫ್ ಆಗುತ್ತದೆ. "ನೀರು ಹೋಗಿದೆ, ವಾರಂಟಿ ಇಲ್ಲ" ಅನ್ನುತ್ತಾರೆ. ಏನು ಮಾಡಲಿ?

ಮಲ್ಪೆ ಅಕ್ಕಸಾಲಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನನ್ನದು ಚಿನ್ನದ ಕೆಲಸ. ಅಪ್ಪನ ಕಾಲದ ಚಿಕ್ಕ ಅಂಗಡಿ. ಮನೆ ಮಲ್ಪೆ ಹತ್ತಿರ. ಪ್ರತಿ ವರ್ಷ ರಜೆ ಶುರುವಾದ ಕೂಡಲೇ ಅಂಗಡಿಗೆ ಒಂದೇ ತರದ ಗಿರಾಕಿ ಬರುತ್ತಾರೆ. ಬೀಚಿನಲ್ಲಿ ಉಂಗುರ ಕಳಕೊಂಡವರು. "ಇದೇ ತರದ್ದು ಇನ್ನೊಂದು ಮಾಡಿಕೊಡಿ, ಮನೆಯಲ್ಲಿ ಗೊತ್ತಾಗುವುದು ಬೇಡ" ಅನ್ನುತ್ತಾರೆ. ಮಾಡಿಕೊಡಬಹುದು. ಆದರೆ ಮದುವೆ ದಿನ ಬೆರಳಿಗೆ ಹಾಕಿದ್ದು ಅದಲ್ಲವಲ್ಲ. ಅದಕ್ಕೇ ನಾನು ಡಿಟೆಕ್ಟರ್ ತರಿಸಿದ್ದು.

2024ರ ನವೆಂಬರಿನಲ್ಲಿ ಭಾವ ಶಾರ್ಜಾದಿಂದ ಬರುವಾಗ ತಂದುಕೊಟ್ಟರು. 3,150 ದಿರ್ಹಮ್, ಆಗಿನ ಲೆಕ್ಕದಲ್ಲಿ 72 ಸಾವಿರದ ಹತ್ತಿರ. ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ, ಮಾತುಕತೆ ಇನ್ನೂ ನಡೆಯುತ್ತಾ ಉಂಟು. ಪೆಟ್ಟಿಗೆ ಮೇಲೆ ಚಿನ್ನ ಹುಡುಕುವ ಯಂತ್ರ ಎಂದೇ ಇದೆ. 3 ಮೀಟರ್ ನೀರಿನವರೆಗೆ ಇಳಿಸಬಹುದು ಎಂದೂ ಇದೆ. ವಾರಂಟಿ ಎರಡು ವರ್ಷ, ಬ್ಯಾಟರಿಗೆ ಮಾತ್ರ ಆರು ತಿಂಗಳು.

ಮೊದಲ ನಾಲ್ಕು ತಿಂಗಳು ಚಂದ ನಡೆಯಿತು. ಎಂಟು ಉಂಗುರ, ಒಂದು ಮಗುವಿನ ಬಳೆ ಹುಡುಕಿ ಕೊಟ್ಟೆ. ಆಮೇಲೆ ತೊಂದರೆ ಶುರು.

ನನ್ನ ಹತ್ತಿರ ಒಂದು ಪರೀಕ್ಷೆ ಉಂಟು. 916ರ 2 ಗ್ರಾಂ ಉಂಗುರವನ್ನು ಸೋಡಾ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಅರಗು ಹಾಕಿ ಕೂರಿಸಿದ್ದೇನೆ. ಮುಚ್ಚಳಕ್ಕೆ ಕೆಂಪು ನೂಲು ಕಟ್ಟಿದ್ದೇನೆ, ಎಳೆದು ತೆಗೆಯಲಿಕ್ಕೆ. ಹೊರಡುವ ಮೊದಲು ಮನೆ ಹಿಂದಿನ ಒಣ ಹೊಯ್ಗೆಯಲ್ಲಿ ಅಳೆದು ಹೂಳುತ್ತೇನೆ. ಎಷ್ಟು ಇಂಚಿನವರೆಗೆ ಸರಿಯಾಗಿ ಕೂಗುತ್ತದೆ ಎಂದು ಡೈರಿಯಲ್ಲಿ ಬರೆಯುತ್ತೇನೆ. ಹೊಸತರಲ್ಲಿ 7 ಇಂಚು ಇತ್ತು. 2025ರ ಮಾರ್ಚಿನಲ್ಲಿ 5 ಆಯಿತು. ಏಪ್ರಿಲ್ ಮೊದಲ ವಾರ 3. ಕೋಲಿನ ತುದಿಯ ದುಂಡಗಿನ ತಟ್ಟೆಗೆ ಕಾಯಿಲ್ ಅನ್ನುತ್ತಾರೆ, ಕೇಬಲ್ ಅದರ ಒಳಗೆ ಹೋಗುವ ಜಾಗವನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಸಾಕು, ಕೆಳಗೆ ಏನೂ ಇಲ್ಲದಿದ್ದರೂ ಚಟಪಟ ಶಬ್ದ. ಕಾಯಿಲನ್ನು ಭಾವನ ಕೈಯಲ್ಲಿ ಕಳುಹಿಸಿದೆ. ಅಂಗಡಿಯವರು ಬದಲಿಸಿ ಕೊಟ್ಟರು, ಅದನ್ನು ನಾನು ಹೇಳಲೇಬೇಕು. ಆದರೆ 11 ವಾರ ಹಿಡಿಯಿತು. ಹೊಸ ಕಾಯಿಲಿನಲ್ಲಿ ಮತ್ತೆ 7 ಇಂಚು ಬಂತು.

ಈಗಿನದ್ದು ಬೇರೆ ತೊಂದರೆ. ಈ ಜನವರಿಯಿಂದ ಯಂತ್ರ 20 ನಿಮಿಷ ಓಡಿ ತಾನೇ ಆಫ್ ಆಗುತ್ತದೆ. ಚಾರ್ಜ್ ಮೂರು ಗೆರೆ ತೋರಿಸುತ್ತಾ ಇರುವಾಗಲೇ ಆಫ್. ಐದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಆನ್. ಈ ಸಲವೂ ಭಾವ ತೆಗೆದುಕೊಂಡು ಹೋದರು. ಅಲ್ಲಿ ಯಂತ್ರದ ಸ್ಕ್ರೀನ್ ಇರುವ ಬಾಕ್ಸ್ ಬಿಚ್ಚಿ ನೋಡಿ ವಾಟ್ಸಾಪಿನಲ್ಲಿ ಒಂದು ಫೋಟೋ, ಒಂದು ಸಾಲು ಕಳುಹಿಸಿದರು. "ನೀರು ಹೋಗಿದೆ, ವಾರಂಟಿ ಇಲ್ಲ." ಫೋಟೋದಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಸಣ್ಣ ಮಂಜು ಕಾಣುತ್ತದೆ, ಅಷ್ಟೇ. ನಾನು ಬಾಕ್ಸನ್ನು ಒಂದು ದಿನವೂ ನೀರಿಗೆ ಇಳಿಸಿಲ್ಲ. ಇಳಿಸಿದ್ದು ಕಾಯಿಲು ಮಾತ್ರ, ಮೊಣಕಾಲು ನೀರಿನಲ್ಲಿ. ಇನ್ನು, 3 ಮೀಟರ್ ತಡೆಯುತ್ತದೆ ಎಂದು ಮಾರಿದ ಮೇಲೆ ನೀರು ಹೋದರೆ ತಪ್ಪು ಯಾರದ್ದು?

ಯಂತ್ರ ರಿಪೇರಿ ಆಗದೆ ವಾಪಸ್ ಬಂದಿದೆ. ಹೋದ ಭಾನುವಾರ ದಾವಣಗೆರೆಯ ಒಂದು ಕುಟುಂಬದವರ ತಾಳಿ ಬೀಚಿನಲ್ಲಿ ಬಿತ್ತು. ಹುಡುಕುತ್ತಾ ಇರುವಾಗ ಮೂರು ಸಲ ಆಫ್ ಆಯಿತು, ಅಷ್ಟರಲ್ಲಿ ಕತ್ತಲೆ. ಆ ಅಮ್ಮ ಬಸ್ಸಿಗೆ ಹೊತ್ತಾಯಿತೆಂದು ಅಳುತ್ತಾ ಹೋದರು. ಅಂದಿನಿಂದ ನನಗೆ ಸರಿ ನಿದ್ದೆ ಇಲ್ಲ. ಇಲ್ಲೇ ಯಾರ ಹತ್ತಿರವಾದರೂ ರಿಪೇರಿ ಮಾಡಿಸಲಾ, ವಾರಂಟಿಗೆ ಹೋರಾಡಲಾ?

ದಕ್ಕೆ ರಿಪೇರಿ, ಮಂಗಳೂರು

ಅಕ್ಕಸಾಲಿಯವರೇ, ನಾನು ಇಪ್ಪತ್ತೆರಡು ವರ್ಷದಿಂದ ಬಂದರಿನಲ್ಲಿ ಬೋಟುಗಳ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ರಿಪೇರಿ ಮಾಡುವವನು. ಡಿಟೆಕ್ಟರ್ ಮೂರು ನಾಲ್ಕು ಕೈಗೆ ಬಂದಿದೆ. ಒಳಗಿನ ಸಂಗತಿ ಬೇರೆ, ಹಾಳಾಗುವ ಜಾಗ ಮಾತ್ರ ಅದೇ. ಬೋರ್ಡು ಸಾಯುವುದು ಕಡಿಮೆ. ಮೊದಲು ಹೋಗುವುದು ಕೇಬಲ್ ಬಗ್ಗುವ ಜಾಗ, ಆಮೇಲೆ ಕನೆಕ್ಟರಿನ ಪಿನ್ನು, ಆಮೇಲೆ ಬ್ಯಾಟರಿ.

ನಿಮ್ಮ ಮೊದಲ ಕಾಯಿಲ್ ಯಾಕೆ ಹೋಯಿತು ಹೇಳುತ್ತೇನೆ. ಆ ದುಂಡಗಿನ ತಟ್ಟೆಯೊಳಗೆ ಎರಡು ಸುರುಳಿ ತಂತಿ ಇರುತ್ತದೆ. ಒಂದು ಕಳುಹಿಸುತ್ತದೆ, ಇನ್ನೊಂದು ಕೇಳುತ್ತದೆ. ಎರಡನ್ನೂ ಒಂದಕ್ಕೊಂದು ಸರಿದೂಗಿಸಿ ಕೂರಿಸಿರುತ್ತಾರೆ, ಲೋಹ ಹತ್ತಿರ ಇಲ್ಲದಾಗ ಕೇಳುವ ಸುರುಳಿಗೆ ಏನೂ ಕೇಳಿಸದ ಹಾಗೆ. ಒಂದು ಗ್ರಾಂ ಚಿನ್ನ ಕೊಡುವ ಸಿಗ್ನಲ್ ತೀರಾ ಸಣ್ಣದು. ಕೇಬಲಿನೊಳಗೆ ಒಂದು ಎಳೆ ತುಂಡಾಗಿ ಮುಟ್ಟುತ್ತಾ ಬಿಡುತ್ತಾ ಇದ್ದರೆ ಆ ಗಲಾಟೆಯಲ್ಲಿ ಚಿನ್ನದ ಶಬ್ದ ಮುಳುಗಿಹೋಗುತ್ತದೆ. ಹೊಸ ಕಾಯಿಲಿಗೆ ಈಗಲೇ ಒಂದು ಕೆಲಸ ಮಾಡಿ. ಕೇಬಲ್ ಕಾಯಿಲಿನಿಂದ ಹೊರಬರುವಲ್ಲಿ ಸ್ವಲ್ಪ ಸಡಿಲ ಬಿಟ್ಟು, ಅದರ ಮೇಲೆ ಕೋಲಿಗೆ ವೆಲ್ಕ್ರೋ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ. ಬೀಸುವಾಗ ಆ ಜಾಗ ಅಲ್ಲಾಡಬಾರದು.

ಎರಡನೆಯದಾಗಿ, ನೀರು. ಬಾಕ್ಸನ್ನು ನೀವು ಮುಳುಗಿಸದಿದ್ದರೂ ಮಂಜು ಬರಬಹುದು. ಮಲ್ಪೆಯ ಬಿಸಿಲಿನಲ್ಲಿ ಹೊಯ್ಗೆ ಮೇಲೆ ಇಟ್ಟ ಬಾಕ್ಸ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದರ ಮೇಲೆ ತಣ್ಣಗಿನ ಅಲೆ ಹೊಡೆದರೆ ಗಾಳಿ ಒಮ್ಮೆಲೇ ಕುಗ್ಗಿ ಹೊರಗಿನ ತೇವವನ್ನು ಒಳಗೆ ಎಳೆಯುತ್ತದೆ. ರಬ್ಬರಿನ ಓ ರಿಂಗ್ ಮೇಲೆ ಒಂದು ಕಾಳು ಹೊಯ್ಗೆ ಇದ್ದರೂ ದಾರಿ ಆಯಿತು. ಧೂಳು, ನೀರು ಒಳಗೆ ಹೋಗುವುದಿಲ್ಲ ಎಂಬುದಕ್ಕೆ ಐಪಿ 68 ಎಂದು ಬರೆದಿರುವುದನ್ನು ನಂಬಿ ಕೂರಬೇಡಿ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ನಮ್ಮ ಉಪ್ಪು, ಹೊಯ್ಗೆ, ಎರಡು ಮಳೆಗಾಲ ಅದರಲ್ಲಿ ಬರುವುದಿಲ್ಲ.

ಆದರೆ ನೀವು ಹೇಳಿದ ಲಕ್ಷಣ ನೀರಿನದ್ದು ಅನ್ನಿಸುವುದಿಲ್ಲ. 20 ನಿಮಿಷ ಓಡಿ, ಬಿಟ್ಟು, ಮತ್ತೆ ಏಳುವುದು ಬ್ಯಾಟರಿಯ ಲಕ್ಷಣ. ಯಂತ್ರ ಪವರ್ ಬ್ಯಾಂಕಿನಲ್ಲಿ ಓಡುತ್ತದಾ? ಓಡುವುದಾದರೆ ಹಾಗೆ ಒಮ್ಮೆ ಓಡಿಸಿ ನೋಡಿ. ಬಾಕ್ಸ್ ಮಾತ್ರ ಬಿಚ್ಚಬೇಡಿ.

ಕಾರ್ಕಳ ತೋಟದ ಮನೆ

ಒಂದು ಪ್ರಶ್ನೆ. ನಮ್ಮ ಹಳೇ ಮನೆ ಹಿಂದೆ ಗುಡ್ಡ ಉಂಟು, ಅಜ್ಜಿ ಏನೋ ಹೂತಿದ್ದಾರೆ ಎಂದು ಹೇಳುತ್ತಾರೆ. ಈ ಯಂತ್ರದಲ್ಲಿ ಹುಡುಕಬಹುದಾ?

ಮಲ್ಪೆ ಅಕ್ಕಸಾಲಿ

@ಕಾರ್ಕಳ, ನಿಮ್ಮ ಗುಡ್ಡ ಮುರಕಲ್ಲಿನದ್ದು ಇರಬೇಕು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಯಂತ್ರ ಹೆಜ್ಜೆ ಹೆಜ್ಜೆಗೂ ಕೂಗುತ್ತದೆ, ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಆ ಮಣ್ಣಿಗೆ ಕೂಗದ ಹಾಗೆ ಯಂತ್ರವನ್ನು ಹೊಂದಿಸುವುದು, ಮಾಡುತ್ತಾ ಹೋಗಬೇಕು. ಇನ್ನೊಂದು ಮಾತು. 1878ರ ನಿಧಿ ಕಾಯ್ದೆ ಈಗಲೂ ಉಂಟು. ನೆಲದಲ್ಲಿ ಹೂತ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಂಥದ್ದು ಅಂಗಡಿಗೆ ಬಂದರೆ ನಾನು ಮುಟ್ಟುವುದಿಲ್ಲ. ಅಜ್ಜಿಯದ್ದೇ ಆದರೂ ಮೊದಲು ಮನೆಯವರೆಲ್ಲ ಕೂತು ಮಾತಾಡಿ, ತಿಳಿದವರನ್ನು ಕೇಳಿ.

@ದಕ್ಕೆ, ಅಣ್ಣ, ತುಂಬಾ ಉಪಕಾರ. ನಿಮ್ಮ ಮಾತು ಓದಿ ಕನೆಕ್ಟರ್ ತಿರುಪಿ ತೆಗೆದು ಅಂಗಡಿಯ ಭೂತಗನ್ನಡಿಯಲ್ಲಿ ನೋಡಿದೆ. ಐದು ಪಿನ್ನುಗಳಲ್ಲಿ ಎರಡರ ಬುಡದಲ್ಲಿ ಹಸಿರು. ಕಿಲುಬು. ತಾಮ್ರದ ಕಿಲುಬನ್ನು ಚಿಕ್ಕಂದಿನಿಂದ ನೋಡಿದವನು ನಾನು, ಇಷ್ಟು ದಿನ ಇಲ್ಲಿ ನೋಡಲೇ ಇಲ್ಲ. ಏನು ಹಚ್ಚಿ ತೆಗೆಯಲಿ? ನಮ್ಮಲ್ಲಿ ಹುಣಸೆಹುಳಿ, ನಿಂಬೆಹುಳಿ ಎಲ್ಲ ಉಂಟು.

ದಕ್ಕೆ ರಿಪೇರಿ, ಮಂಗಳೂರು

ಹುಳಿ ಬೇಡ ಮಾರಾಯ್ರೆ! ಉಳಿದ ಹುಳಿ ಒಳಗೆ ಕೂತು ಇನ್ನೂ ತಿನ್ನುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲ ಉಜ್ಜಿ. ಪೂರ್ತಿ ಒಣಗಲಿ. ರಬ್ಬರ್ ರಿಂಗಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ಕೆಲವು ರಬ್ಬರು ಅದಕ್ಕೆ ಉಬ್ಬುತ್ತದೆ. ಬೀಚಿನಿಂದ ಬಂದ ದಿನವೇ ಕಾಯಿಲನ್ನೂ ಕೋಲನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಆಗಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿ ಖಾಲಿಯಾಗಿ ಬಿದ್ದಿದ್ದರೆ ಸಾಯುತ್ತದೆ.

ಒದ್ದೆ ಹೊಯ್ಗೆಯಲ್ಲಿ ಕಿರುಚಿದರೆ ಅದನ್ನು ಕೂಡಲೇ ಕೆಟ್ಟಿದೆ ಎಂದು ತಿಳಿಯಬೇಡಿ. ಚಿನ್ನದ್ದು ಎಂದು ಮಾರುವ ಎಷ್ಟೋ ಯಂತ್ರಗಳು 40 ಕಿಲೋಹರ್ಟ್ಸ್‌ಗಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ, ಅಂದರೆ ಸೆಕೆಂಡಿಗೆ 40 ಸಾವಿರಕ್ಕೂ ಹೆಚ್ಚು ಕಂಪನದಲ್ಲಿ, ಓಡುತ್ತವೆ, ಹೊಳೆಯ ಸಣ್ಣ ಕಾಳು ಚಿನ್ನಕ್ಕೆ ಅದು ಒಳ್ಳೆಯದು. ಸಮುದ್ರದ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆದ್ದರಿಂದ ಒದ್ದೆ ಹೊಯ್ಗೆಯೇ ಅದಕ್ಕೆ ಲೋಹದ ಹಾಗೆ ಕೇಳಿಸುತ್ತದೆ. ಮಳೆಗಾಲ ಮುಗಿದ ಮೇಲೆ ಕರಿಹೊಯ್ಗೆಯ ಪಟ್ಟೆ ಮೇಲೆ ಬಂದರೆ ಅದರದ್ದೂ ಗಲಾಟೆ. ಬೀಚಿಗೆ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಓಡುವ ಯಂತ್ರ ಅಥವಾ ಪಲ್ಸ್ ಇಂಡಕ್ಷನ್ ಯಂತ್ರ, ಅಂದರೆ ವಿದ್ಯುತ್ತನ್ನು ಬಿಟ್ಟು ಬಿಟ್ಟು ಕಳುಹಿಸಿ ನಡುವೆ ಕೇಳುವಂಥದ್ದು, ಬೇಕು. ಪಲ್ಸ್‌ನಲ್ಲಿ ಕಬ್ಬಿಣ ಯಾವುದು ಚಿನ್ನ ಯಾವುದು ಎಂದು ಬೇರೆ ಮಾಡುವುದು ಕಷ್ಟ, ಬಾಟಲಿ ಮುಚ್ಚಳ ರಾಶಿ ಅಗೆಯಬೇಕಾಗುತ್ತದೆ. ನೀವು ಒಣ ಹೊಯ್ಗೆಯಲ್ಲಿ ಉಂಗುರ ಹೂತು ಅಳೆದಿದ್ದೀರಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಬೋಟಿನವರು ಯಾರೂ ಹಾಗೆ ಬರೆದಿಡುವುದಿಲ್ಲ.

ಕುಂದಾಪ್ರ ವಕೀಲ್ತಿ

ತಡವಾಗಿ ನೋಡಿದೆ. ಕಾನೂನಿನ ಕಡೆಯಿಂದ ಎರಡು ಮಾತು.

ಬಿಲ್ಲು ನಿಮ್ಮ ಭಾವನ ಹೆಸರಿನಲ್ಲಿ, ಶಾರ್ಜಾದ ಅಂಗಡಿಯದ್ದು. ಇದೇ ದೊಡ್ಡ ತೊಡಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸ ಇರುವ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಇಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ಮೊದಲು ದೂರು ಕೊಡಬಹುದು. ಇಲ್ಲಿನ ಅಂಗಡಿಯಿಂದ ತೆಗೆದಿದ್ದರೆ ಇದೆಲ್ಲ ಸುಲಭ. ಹೊರದೇಶದ ಅಂಗಡಿ ಇಲ್ಲಿನ ನೋಟಿಸಿಗೆ ಬರುವ ಹಾಗೆ ಮಾಡುವುದು ಕಷ್ಟ. ನಿಮಗೆ ಸುಳ್ಳು ಧೈರ್ಯ ಕೊಡಲು ನನಗೆ ಮನಸ್ಸಿಲ್ಲ.

ಆದರೆ ವಾರಂಟಿ ನವೆಂಬರಿನವರೆಗೆ ಉಂಟಲ್ಲ. ವಾಟ್ಸಾಪಿನ ಒಂದು ಸಾಲಿಗೆ ಸುಮ್ನೆ ಕೂರಬೇಡಿ. ಭಾವನ ಇಮೇಲಿನಿಂದ ಕೇಳಿಸಿ: ನೀರು ಎಲ್ಲಿಂದ ಹೋಯಿತು, ಯಾವ ಭಾಗ ಹಾಳಾಗಿದೆ, ಯಾರು ಪರೀಕ್ಷೆ ಮಾಡಿದರು, ವಾರಂಟಿಯ ಯಾವ ಷರತ್ತಿನ ಪ್ರಕಾರ ಆಗುವುದಿಲ್ಲ? ಬರಹದಲ್ಲಿ ಉತ್ತರ ಕೇಳಿ. ಅಂಗಡಿಗೆ ಮಾತ್ರ ಅಲ್ಲ, ಯಂತ್ರ ಮಾಡಿದ ಕಂಪನಿಗೂ ಪ್ರತಿ ಹಾಕಿ. ಮೊದಲ ಸಲ ಕಾಯಿಲ್ ಬದಲಿಸಿದ ಕಾಗದ, ನಿಮ್ಮ ಡೈರಿಯ ಪುಟಗಳ ಫೋಟೋ ಎಲ್ಲ ಸೇರಿಸಿ. ತಾರೀಕು ಹಾಕಿ ಬರೆದ ಡೈರಿಗೆ ಬೆಲೆ ಉಂಟು.

ಅಬುಧಾಬಿ ಬಜ್ಪೆ

ಇನ್ನೊಮ್ಮೆ ಕಳುಹಿಸುವುದಾದರೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಭಾವ ಹೊರಡುವಾಗ ಕಸ್ಟಮ್ಸ್‌ನವರಿಗೆ ಯಂತ್ರ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಲು ಹೇಳಿ. ಇಲ್ಲದಿದ್ದರೆ ವಾಪಸ್ ತರುವಾಗ ಹೊಸತು ಎಂದು ಸುಂಕ ಕೇಳಬಹುದು. ಬಿಡಿ ಬ್ಯಾಟರಿ ಇದ್ದರೆ ಕೈಚೀಲದಲ್ಲೇ ಇಡಬೇಕು, ಚೆಕ್ ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಮಲ್ಪೆ ಅಕ್ಕಸಾಲಿ

ನಿನ್ನೆ ಬೆಳಗ್ಗೆಯೇ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ದಕ್ಕೆ ಅಣ್ಣನನ್ನು ಕಂಡೆ. ಚಾ ಕುಡಿಸಿ ಕೂರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲು ಒಳಗಿನ ಬ್ಯಾಟರಿಯಲ್ಲೇ ಓಡಿಸಿದೆವು. 18 ನಿಮಿಷಕ್ಕೆ ಆಫ್. ಆಮೇಲೆ ಚಾರ್ಜಿಂಗ್ ತೂತಿಗೆ ಪವರ್ ಬ್ಯಾಂಕ್ ಸಿಕ್ಕಿಸಿ ಮೇಜಿನ ಮೇಲೆ ಇಟ್ಟೆವು. ಅಣ್ಣ ಒಂದು ಬೋಟಿನ ವೈರ್‌ಲೆಸ್ ರಿಪೇರಿ ಮಾಡಿ ಮುಗಿಸಿದರು, ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಎರಡು ಗಂಟೆ ಹತ್ತು ನಿಮಿಷ. ಒಮ್ಮೆಯೂ ಆಫ್ ಆಗಲಿಲ್ಲ. ಬೋರ್ಡಿಗೆ ನೀರಿನಿಂದ ಪೆಟ್ಟಾಗಿದ್ದರೆ ಹೀಗೆ ಓಡುತ್ತಿತ್ತಾ? ಗಡಿಯಾರ ಕಾಣುವ ಹಾಗೆ ಪೂರ್ತಿ ವೀಡಿಯೋ ಮಾಡಿದ್ದೇನೆ. ಕೆಟ್ಟಿರುವುದು ಬ್ಯಾಟರಿ.

ಬ್ಯಾಟರಿಯ ಆರು ತಿಂಗಳು ಯಾವಾಗಲೋ ಮುಗಿದಿದೆ, ಅದರ ದುಡ್ಡು ನಾನೇ ಕೊಡುತ್ತೇನೆ. ಅದರಲ್ಲಿ ನನಗೆ ತಕರಾರು ಇಲ್ಲ. ನನಗೆ ಬೇಕಾದ್ದು "ನೀರು ಹೋಗಿದೆ" ಎಂಬ ಮಾತನ್ನು ಅವರು ವಾಪಸ್ ತೆಗೆಯುವುದು. ಆ ಮಾತು ಹಾಗೇ ಉಳಿದರೆ ನಾಳೆ ಕಾಯಿಲ್ ಹೋದರೂ ಅದನ್ನೇ ತೋರಿಸುತ್ತಾರೆ. ವಕೀಲ್ತಿ ಅಕ್ಕ ಹೇಳಿದ ಹಾಗೆ ಪ್ರಶ್ನೆಗಳನ್ನು ಬರೆದು ಭಾವನಿಗೆ ಕಳುಹಿಸಿದ್ದೇನೆ. ರಾತ್ರಿ ಅವರು ಅಂಗಡಿಗೂ ಕಂಪನಿಗೂ ಇಮೇಲ್ ಹಾಕಿದ್ದಾರೆ, ವೀಡಿಯೋ ಸಹಿತ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.

ಅಲ್ಲಿಯವರೆಗೆ ಪವರ್ ಬ್ಯಾಂಕನ್ನು ಸೊಂಟದ ಚೀಲದಲ್ಲಿ ಹಾಕಿ ಒಣ ಹೊಯ್ಗೆಯಲ್ಲಿ ಮಾತ್ರ ಕೆಲಸ. ಅಂಗಡಿಯವರು ಒಮ್ಮೆ ಬಿಚ್ಚಿದ ಬಾಕ್ಸ್, ಮುಚ್ಚಿದ್ದು ಹೇಗೋ ಗೊತ್ತಿಲ್ಲ, ಅದನ್ನು ನೀರಿನ ಹತ್ತಿರ ಒಯ್ಯುವುದಿಲ್ಲ. ಇವತ್ತು ಬೆಳಗ್ಗೆ ಕಿಲುಬು ತೆಗೆದು ಮುಚ್ಚಳದ ಉಂಗುರ ಹೂತು ನೋಡಿದೆ. 7 ಇಂಚಿನಲ್ಲಿ ಕೂಗಿತು.

ದಾವಣಗೆರೆಯ ಅಮ್ಮನಿಗೆ ಫೋನ್ ಮಾಡಿ ಅವರು ಚಾಪೆ ಹಾಸಿದ್ದು ಎಲ್ಲಿ ಎಂದು ಮತ್ತೆ ಕೇಳಿದೆ. ಐಸ್‌ಕ್ರೀಮ್ ಗಾಡಿಯ ಹಿಂದೆ, ಅಲೆ ಬಾರದ ಜಾಗ. ನಾಳೆ ಐದೂವರೆಗೆ, ಜನ ಬರುವ ಮೊದಲು ನಾಲ್ಕು ಮೂಲೆಗೆ ಕಡ್ಡಿ ನೆಟ್ಟು ಶುರು ಮಾಡುತ್ತೇನೆ.