‘ಮಾತು ಬೆಳೆಸು’: ಒಳ್ಳೆಯ ಅರ್ಥದಲ್ಲಿ ಬಳಸಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಬಳಿಯ ಹಳ್ಳಿಯೊಂದರಲ್ಲಿ ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ‘ಗುಂಪಿನಲ್ಲಿ ಚರ್ಚಿಸಿ’ ಎಂದೊಡನೆ ನಮ್ಮ ಮಕ್ಕಳು ಪರ, ವಿರೋಧ ಎಂದು ಎರಡು ಪಾಳಯವಾಗಿ ನಿಂತುಬಿಡುತ್ತಾರೆ. ಅವರಿಗೆ ಗೊತ್ತಿರುವ ಚರ್ಚೆಯೆಂದರೆ ಬಹುಮಾನ ಕೊಡುವ ಚರ್ಚಾಸ್ಪರ್ಧೆ. ಮೊನ್ನೆ ನಾಲೆಯ ನೀರಿಗೆ ಕಬ್ಬು ಸರಿಯೋ ರಾಗಿ ಸರಿಯೋ ಎಂದು ಕೇಳಿದೆ. ಕಬ್ಬಿನವರು ಗೆದ್ದೆವೆಂದು ಚಪ್ಪಾಳೆ ತಟ್ಟಿಕೊಂಡರು. ಯಾವುದಕ್ಕೆ ಎಷ್ಟು ನೀರು ಬೇಕೆಂದು ಯಾರೂ ಕೇಳಲಿಲ್ಲ.

ಹಾಗಾಗಿ ಮಾತಿಗೆ ಮೊದಲಿಟ್ಟುಕೊಡುವ ಕೆಲವು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದಿಡುತ್ತಿದ್ದೇನೆ. ‘ನೀನು ಹೇಳಿದ್ದು ಹೀಗೆ ತಾನೇ?’ ಎಂಬುದೊಂದು. ‘ಇದಕ್ಕೆ ಆಧಾರವೇನು?’ ಎಂಬುದು ಇನ್ನೊಂದು. (ಇದಕ್ಕೆ ಒಬ್ಬ ಹುಡುಗ ‘ಆಧಾರ್ ಮನೆಯಲ್ಲಿದೆ ಮಿಸ್, ನಾಳೆ ತರುತ್ತೇನೆ’ ಎಂದ. ಅಂದಿನಿಂದ ಅದು ‘ನಿನಗೆ ಹೇಗೆ ಗೊತ್ತು?’ ಎಂದಾಗಿದೆ.) ತೊಡಕಿರುವುದು ಮೂರನೆಯದರಲ್ಲಿ. ಗೆಳತಿಯ ಮಾತನ್ನು ಎತ್ತಿಕೊಂಡು, ತನ್ನದೊಂದು ಎಳೆ ಸೇರಿಸಿ ಮುಂದಕ್ಕೆ ಒಯ್ಯುವುದಕ್ಕೆ ಏನನ್ನಬೇಕು?

‘ಮಾತು ಬೆಳೆಸು’ ಎಂದರೆ ನಮ್ಮ ಕಡೆ ಜಗಳ ಎಳೆಯುವುದು. ‘ಬಾಯಿ ಹಾಕು’ ಅಧಿಕಪ್ರಸಂಗ. ‘ಎದುರಾಡು’ ಸೊಕ್ಕು. ‘ಒಗ್ಗರಣೆ ಹಾಕು’ ಎಂದರೆ ಇಲ್ಲದ್ದನ್ನು ಸೇರಿಸಿ ಹೇಳುವುದು. ‘ದನಿಗೂಡಿಸು’ ಚೆನ್ನಾಗಿದೆ, ಆದರೆ ಅದರಲ್ಲಿ ಒಪ್ಪಿಗೆಯಷ್ಟೇ ಇದೆ, ಹೊಸದೇನೂ ಇಲ್ಲ. ಕಿರಿಯರು ನಡುವೆ ಮಾತಾಡಬಾರದೆಂದೇ ಈ ನುಡಿಗಟ್ಟುಗಳು ಹುಟ್ಟಿದವೇನೋ ಎಂಬ ಗುಮಾನಿ ನನಗೆ.

ಹಳೆಯ ನ್ಯಾಯದರ್ಶನದ ತಾರ್ಕಿಕರು ಚರ್ಚೆಯ ಬಗೆಗಳನ್ನು ಬಿಡಿಸಿಟ್ಟಿದ್ದರು: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೊಂದು ಪಕ್ಷವನ್ನೇ ಹೂಡದೆ ಎದುರಿನವರನ್ನು ಕೆಡವಲು ವಿತಂಡ. ಇಂದಿನ ಕನ್ನಡದಲ್ಲಿ ವಿತಂಡ ಬೈಗುಳವಾಗಿ ಉಳಿದಿದೆ, ವಾದ ವಕೀಲರ ಪಾಲಾಗಿದೆ, ಜಲ್ಪವನ್ನು ಕೇಳುವವರಿಲ್ಲ. ‘ಸಂವಾದ’ ಇದೆ ನಿಜ. ಅದು ವೇದಿಕೆ, ಮೈಕು, ಶಾಲುಗಳ ಪದ. ಹದಿಮೂರು ವರ್ಷದವರಿಗೆ ‘ಸಂವಾದಿಸಿ’ ಎನ್ನಲು ಬಾಯಿ ಬರುವುದಿಲ್ಲ.

ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಹಿಮ್ಮೇಳದವರು ಸೊಲ್ಲು (ಪಲ್ಲವಿ) ಹೇಳುವುದನ್ನು ನೆನೆದು ‘ಸೊಲ್ಲು ಸೇರಿಸು’ ಎಂದು ಕಟ್ಟಿ ನೋಡಿದೆ. ಮಕ್ಕಳು ಹಾಡೇ ಶುರುಮಾಡಿದರು. ಸದ್ಯಕ್ಕೆ ಹಲಗೆಯ ಮೇಲೆ ‘ಅವಳ ಮಾತಿಗೆ ಇನ್ನೊಂದು’ ಎಂದಿದೆ, ಸಪ್ಪೆ.

ಮಳವಳ್ಳಿ, ನಾಗಮಂಗಲ, ತಿ. ನರಸೀಪುರದ ಕಡೆಯವರು ತಿಳಿಸಿ: ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರೊಬ್ಬರು ಮಾತು ಮುಗಿಸಿದ ಮೇಲೆ, ಅದನ್ನೇ ಹಿಡಿದು ಮತ್ತೊಬ್ಬರು ಮುಂದುವರಿಸುವಾಗ ಏನೆಂದು ಶುರುಮಾಡುತ್ತಾರೆ? ಆ ಮೊದಲ ಎರಡು ಪದ ಸಿಕ್ಕರೂ ನನ್ನ ಹಲಗೆಗೆ ಸಾಕು.